ಕೈ ಬೆಚ್ಚಗಾದರೆ ತಲೆನೋವು ಇಳಿಯುವುದೇಕೆ?

“ಅರೆತಲೆನೋವು ಶುರುವಾದಾಗ ಬೆರಳೆಲ್ಲ ತಣ್ಣಗಾಗುತ್ತವೆ. ಕೈಯನ್ನು ಬಿಸಿನೀರಿನಲ್ಲಿ ಅದ್ದಿಟ್ಟುಕೋ, ನೋವು ಇಳಿಯುತ್ತದೆ ಅಂತ ನಮ್ಮತ್ತೆ ಹೇಳುತ್ತಾರೆ. ನಿಜವೇ?” ಎಂದು ಓದುಗರೊಬ್ಬರು ಕೇಳಿದ್ದಾರೆ. ನೋವಿನ ವಿಜ್ಞಾನದಲ್ಲಿ ನನಗೆ ತುಂಬ ಇಷ್ಟವಾದ ಕಥೆಯೊಂದು ಶುರುವಾಗುವುದೇ ಇಂಥ ಕೈಗಳಿಂದ.

ಅಮೆರಿಕದ ಟೊಪೀಕಾ ಊರಿನ ಮೆನಿಂಜರ್ ಫೌಂಡೇಶನ್ನಿನಲ್ಲಿ 1960ರ ದಶಕದ ಕೊನೆಗೆ ಎಲ್ಮರ್ ಗ್ರೀನ್ ಮತ್ತು ಸಂಗಡಿಗರು ಮೈಮನಸ್ಸನ್ನು ಸಡಿಲಿಸುವ ಪ್ರಯೋಗ ನಡೆಸುತ್ತಿದ್ದರು. ಒಂದು ದಿನ ಪ್ರಯೋಗಕ್ಕೆ ಕೂತಿದ್ದ ಮಹಿಳೆಯೊಬ್ಬರ ಮೈಗ್ರೇನ್, ಅಂದರೆ ಅರೆತಲೆನೋವು, ಇದ್ದಕ್ಕಿದ್ದಂತೆ ಇಳಿದುಹೋಯಿತು. ಅದೇ ಹೊತ್ತಿಗೆ ಅವರ ಕೈಗಳು ಕೆಂಪೇರಿ, ಎರಡೇ ನಿಮಿಷದಲ್ಲಿ 10 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಹೆಚ್ಚು ಬಿಸಿಯಾಗಿದ್ದವು. ಇದನ್ನು ಆಕಸ್ಮಿಕವೆಂದು ಗ್ರೀನ್ ಬಿಟ್ಟುಬಿಡಲಿಲ್ಲ. ವೈದ್ಯ ಜೋಸೆಫ್ ಸಾರ್ಜೆಂಟ್ ಜೊತೆ ಸೇರಿ, ರೋಗಿಗಳ ಬೆರಳಿಗೆ ಉಷ್ಣಮಾಪಕ ಕಟ್ಟಿ, ಅದನ್ನೇ ನೋಡುತ್ತ ಕೈ ಬೆಚ್ಚಗೆ ಮಾಡಿಕೊಳ್ಳುವುದನ್ನು ಕಲಿಸಿದರು. ಬಯೋಫೀಡ್‌ಬ್ಯಾಕ್ ಎನ್ನುವುದು ಇದನ್ನೇ. 1970ರಲ್ಲಿ ಭಾರತದ ಸ್ವಾಮಿ ರಾಮ ಅದೇ ಪ್ರಯೋಗಾಲಯಕ್ಕೆ ಹೋಗಿ, ಒಂದೇ ಅಂಗೈಯ ಎರಡು ಬದಿಗಳ ಉಷ್ಣತೆಯಲ್ಲಿ ಸುಮಾರು 10 ಡಿಗ್ರಿ ವ್ಯತ್ಯಾಸ ತಂದು ತೋರಿಸಿದರೆಂದು ಗ್ರೀನ್ ದಾಖಲಿಸಿದ್ದಾರೆ.

ಕೈ ಬೆಚ್ಚಗಾದರೆ ತಲೆಗೇನು? ಆಗ ನರರೋಗತಜ್ಞ ಹೆರಾಲ್ಡ್ ವುಲ್ಫ್ ಅವರ ವಿವರಣೆ ಚಾಲ್ತಿಯಲ್ಲಿತ್ತು: ತಲೆಯ ರಕ್ತನಾಳಗಳು ಹಿಗ್ಗುವುದೇ ಮೈಗ್ರೇನಿನ ನೋವು. ಹಾಗಾದರೆ ರಕ್ತವನ್ನು ಕೈಗೆ ಹರಿಸಿದರೆ ತಲೆ ಹಗುರಾಗಬೇಕು, ಕೆರೆಯ ಒಂದು ತೂಬು ತೆರೆದರೆ ಇನ್ನೊಂದು ಕಾಲುವೆಯ ಸೆಳೆತ ತಗ್ಗುವಂತೆ. ಕೇಳಲು ಚೆಂದದ ವಿವರಣೆ. ಆದರೆ 1980ರಲ್ಲಿ ಸಂಶೋಧಕರಾದ ಕ್ಯೂಮನ್ ಮತ್ತು ರಾಬರ್ಟ್ಸ್ ಕೆಲವು ರೋಗಿಗಳಿಗೆ ಕೈ ಬೆಚ್ಚಗೆ ಮಾಡಿಕೊಳ್ಳಲೂ ಇನ್ನು ಕೆಲವರಿಗೆ ತಣ್ಣಗೆ ಮಾಡಿಕೊಳ್ಳಲೂ ಕಲಿಸಿ ಹೋಲಿಸಿ ನೋಡಿದರು. ಬೆಚ್ಚನೆಯ ಕೈಗೆ ವಿಶೇಷ ಲಾಭವೇನೂ ಕಾಣಲಿಲ್ಲ!

ಹಾಗಾದರೆ ಆ ದಿನ ನಡೆದದ್ದೇನು? ನಮ್ಮ ಕೆರೆ ಬಯಲಿನ ಹಳ್ಳಿಗಳಲ್ಲಿ ನೀರುಗಂಟಿ ಇರುತ್ತಿದ್ದ. ಯಾವ ತೂಬು ಎಷ್ಟು ತೆರೆಯಬೇಕು, ಯಾರ ಗದ್ದೆಗೆ ಯಾವಾಗ ನೀರು ಎಂಬುದೆಲ್ಲ ಅವನ ಕೈಯಲ್ಲಿ. ದೇಹದ ನೀರುಗಂಟಿ ಅನುವೇದಕ ನರವ್ಯೂಹ. ಭಯ, ಗಾಬರಿ, ನಿದ್ದೆಗೇಡು ಬಂದರೆ ಬೆರಳಿನ ರಕ್ತನಾಳಗಳನ್ನು ಮುಚ್ಚುತ್ತದೆ, ನೆಮ್ಮದಿಯಾದಾಗ ತೆರೆಯುತ್ತದೆ. ಆ ಮಹಿಳೆಯ ಕೈ ಬೆಚ್ಚಗಾದದ್ದು ಈ ನೀರುಗಂಟಿ ಶಾಂತನಾದದ್ದರ ಗುರುತು ಎಂಬುದೇ ಹೆಚ್ಚು ಒಪ್ಪುವ ಮಾತು. ಮೈಗ್ರೇನಿನ ಮೂಲ ಟ್ರೈಜೆಮಿನಲ್ ನರ ಮತ್ತು ಮಿದುಳಿನ ಅತಿಸೂಕ್ಷ್ಮತೆಯಲ್ಲಿದೆ ಎಂದು ಈಗ ತಿಳಿದಿದೆ. ಆ ನರ ಸುರಿಸುವ ಸಿಜಿಆರ್‌ಪಿ ಎಂಬ ರಾಸಾಯನಿಕದ ಜಾಡು ಹಿಡಿದ ನಾಲ್ವರಿಗೆ 2021ರ ಬ್ರೇನ್ ಪ್ರಶಸ್ತಿ ಸಂದಿತು. ರಕ್ತವನ್ನು ಕೈಗೆ ಹರಿಸುವ ಸಿದ್ಧಾಂತ ಬಿದ್ದುಹೋಯಿತು, ಅಭ್ಯಾಸ ಉಳಿಯಿತು. 2007ರಲ್ಲಿ 55 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಬಯೋಫೀಡ್‌ಬ್ಯಾಕ್‌ನಿಂದ ಮಧ್ಯಮ ಪ್ರಮಾಣದ, ಆದರೆ ಬಾಳಿಕೆಯ ಉಪಯೋಗವಿದೆಯೆಂದು ಕಂಡುಬಂತು.

ಇಂಥದೇ ಇನ್ನೊಂದು ಅಭ್ಯಾಸವಾದ ಯೋಗದ ಬಗ್ಗೆ ದೊಡ್ಡ ದೊಡ್ಡ ಮಾತುಗಳು ಕೇಳಿಬರುವುದರಿಂದ ನಾನು ಎಚ್ಚರದಿಂದಲೇ ಓದುತ್ತೇನೆ. ದೆಹಲಿಯ ಏಮ್ಸ್‌ನ 2020ರ ಪ್ರಯೋಗದಲ್ಲಿ ಔಷಧದ ಜೊತೆ ಮೂರು ತಿಂಗಳು ಯೋಗ ಮಾಡಿದವರ ತಲೆನೋವು ತಿಂಗಳಿಗೆ ಸುಮಾರು 9 ಸಲದಿಂದ 5ಕ್ಕೆ ಇಳಿಯಿತು. ಬರೀ ಔಷಧ ತೆಗೆದುಕೊಂಡವರಲ್ಲಿ ಸುಮಾರು 8ರಿಂದ 7ಕ್ಕೆ. ತಾವು ಯೋಗ ಮಾಡುತ್ತಿದ್ದೇವೆಂದು ಮೊದಲ ಗುಂಪಿನವರಿಗೆ ಗೊತ್ತಿತ್ತು, ಆ ನಂಬಿಕೆಯ ಪಾಲನ್ನು ಕಳೆಯಲೇಬೇಕು. ಯಾರೂ ಔಷಧ ಬಿಟ್ಟು ಯೋಗ ಮಾಡಲಿಲ್ಲ ಎಂಬುದೂ ನೆನಪಿರಲಿ.

ಇಂಥ ದಾರಿಗಳು ಬೇಕಾಗಿರುವುದಕ್ಕೆ ಬಲವಾದ ಕಾರಣವಿದೆ. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು, ತಿಂಗಳುಗಟ್ಟಲೆ ನುಂಗುತ್ತ ಹೋದರೆ ಮಾತ್ರೆಯೇ ತಲೆನೋವು ತರಬಹುದು. ಅಂಗಡಿಯಿಂದ ತಂದು ಸುಮ್ಮನೆ ನುಂಗುವವರು ನಮ್ಮಲ್ಲಿ ಎಷ್ಟು ಮಂದಿ! ಸಿಡಿಲು ಬಡಿದಂತೆ ಏಕಾಏಕಿ ಬಂದ ತಲೆನೋವಾದರೆ ಮಾತ್ರ ಯಾವ ಅಭ್ಯಾಸವನ್ನೂ ನೆಚ್ಚದೆ ನೇರ ಆಸ್ಪತ್ರೆಗೆ ಹೋಗಿ.

ಇನ್ನು ಅತ್ತೆಯವರ ಬಿಸಿನೀರು. ಹಿತವೆನಿಸಿದರೆ ಖಂಡಿತ ಅದ್ದಿಕೊಳ್ಳಿ. ಆದರೆ ನೀರು ಕೈಯನ್ನು ಹೊರಗಿನಿಂದ ಕಾಯಿಸುತ್ತದೆ, ನೀರುಗಂಟಿ ಅದರಿಂದ ಏನನ್ನೂ ಕಲಿಯುವುದಿಲ್ಲ. ಅವನಿಗೆ ಕಲಿಸಬೇಕಾದರೆ ನೋವಿಲ್ಲದ ದಿನಗಳಲ್ಲೇ ಕೂರಬೇಕು: ಬೆರಳಿಗೊಂದು ಪುಟ್ಟ ಉಷ್ಣಮಾಪಕ, ಹದಿನೈದು ಇಪ್ಪತ್ತು ನಿಮಿಷದ ನಿಧಾನ ಉಸಿರು, ಕೈಗೆ ಬಿಸಿಲು ಕಾಸುತ್ತಿದೆ ಎಂಬ ಕಲ್ಪನೆ. ಮೊದಮೊದಲು ಅಂಕಿ ಮೇಲೇರದಿರಬಹುದು. ಕೆಲವು ವಾರ ಬಿಡದೆ ಕೂತು ನೋಡಿ.