ಬಟ್ಟೆಯ ಚೀಲಕ್ಕೆ ಜಲ್ಲಿ ತುಂಬಿ ನೆಲಕ್ಕೆ ಇಳಿಸುವುದು ಕಳಪೆ ಕಾಮಗಾರಿಯೇ?

‘ಸಿಮೆಂಟೂ ಇಲ್ಲ, ಕಬ್ಬಿಣವೂ ಇಲ್ಲ, ಬಟ್ಟೆಗೆ ಜಲ್ಲಿ ತುಂಬಿ ಹೂಳ್ತಿದ್ದಾರೆ ನೋಡಿ!’ ಇಂಥ ಒಕ್ಕಣೆಯ ವಿಡಿಯೋ ನಿಮ್ಮ ಗ್ರೂಪಿಗೆ ಬಂದರೆ ಫಾರ್ವರ್ಡ್ ಮಾಡುವ ಮೊದಲು ಸ್ವಲ್ಪ ತಾಳಿ. ಬಟ್ಟೆ ಕಂಡ ಮಾತ್ರಕ್ಕೆ ಅದು ಮೋಸವಲ್ಲ.

ಮೆತ್ತನೆಯ ಜೇಡಿಮಣ್ಣಿನ ಮೇಲೆ ರಸ್ತೆಗೆ ಏರಿ ಹಾಕಿದರೆ ಅದು ಕುಸಿಯುತ್ತದೆ. ಹಾಗಾಗದಂತೆ ನೆಲದಲ್ಲಿ ಸಾಲಾಗಿ ಆಳದ ಗುಂಡಿ ಕೊರೆದು, ಜಲ್ಲಿ ತುಂಬಿ ಬಿಗಿ ಮಾಡುತ್ತಾರೆ. ಈ ಕಲ್ಲಿನ ಕಂಬಕ್ಕೆ ಅಂಟು ಇಲ್ಲ. ಸುತ್ತಲಿನ ಮಣ್ಣು ಒತ್ತಿ ಹಿಡಿದಿದ್ದರಿಂದಲೇ ಅದು ನಿಲ್ಲುತ್ತದೆ. ಮಣ್ಣು ತೀರಾ ಕೆಸರಿನಂತಿದ್ದರೆ? ಭಾರ ಬಿದ್ದಾಗ ಕಂಬದ ಮೇಲ್ಭಾಗ ಹೊಟ್ಟೆ ಉಬ್ಬಿಸಿಕೊಂಡು ಜಲ್ಲಿ ಪಕ್ಕಕ್ಕೆ ಸರಿಯುತ್ತದೆ.

ಬಟ್ಟೆ ಬೇಕಾಗುವುದು ಇಲ್ಲಿ. ನೆಲಕ್ಕೆ ಸುರಿದ ಅಕ್ಕಿಯ ಮೇಲೆ ಕಾಲಿಟ್ಟರೆ ಅದು ಹರಡುತ್ತದೆ, ಬಿಗಿಯಾಗಿ ಕಟ್ಟಿದ ಮೂಟೆಯ ಮೇಲೆ ನಿಲ್ಲಬಹುದು. ಕಂಬ ಉಬ್ಬಲು ಹೊರಟಾಗ ಬಟ್ಟೆ ಎಳೆತಕ್ಕೆ ಸಿಕ್ಕಿ ಅದನ್ನು ಬಿಗಿಹಿಡಿಯುತ್ತದೆ. ಮಣ್ಣಿನ ನೀರು ಅದರ ಮೂಲಕ ಬಸಿದುಹೋಗುತ್ತದೆ, ಕೆಸರು ಮಾತ್ರ ಒಳಗೆ ನುಗ್ಗಿ ಜಲ್ಲಿಯ ಸಂದು ಮುಚ್ಚುವುದಿಲ್ಲ. ನೀರು ಹೋದಂತೆ ಸುತ್ತಲಿನ ಮಣ್ಣೂ ಗಟ್ಟಿಯಾಗುತ್ತದೆ. ಅಂದಹಾಗೆ, ಇದು ಅಂಗಡಿಯ ಹತ್ತಿ ಬಟ್ಟೆಯಲ್ಲ. ಪಾಲಿಯೆಸ್ಟರ್‌ನಂಥ ಗಟ್ಟಿ ನೂಲಿನ, ಕೊಳವೆಯಾಕಾರದ ನೇಯ್ಗೆ.

ದೊಡ್ಡ ಉದಾಹರಣೆ ಜರ್ಮನಿಯದು. ಹ್ಯಾಂಬರ್ಗ್‌ನಲ್ಲಿ ಏರ್‌ಬಸ್ ವಿಮಾನ ಕಾರ್ಖಾನೆಯ ವಿಸ್ತರಣೆಗೆಂದು ಎಲ್ಬೆ ನದಿಯ ಹೂಳಿನ ಮೇಲೆ ಸುಮಾರು 140 ಹೆಕ್ಟೇರ್ ನೆಲ ನಿರ್ಮಿಸಬೇಕಿತ್ತು. 2001ರಲ್ಲಿ ಆರಂಭವಾದ ಆ ಕೆಲಸದಲ್ಲಿ, ಸುತ್ತಲಿನ ಒಡ್ಡಿನ ಅಡಿಪಾಯಕ್ಕೆ ಇಳಿಸಿದ್ದು 80 ಸೆಂ.ಮೀ. ವ್ಯಾಸದ ಸುಮಾರು 60,000 ಚೀಲದ ಕಂಬಗಳನ್ನು. ಅಲ್ಲಿ ತುಂಬಿದ್ದು ಜಲ್ಲಿಯನ್ನಲ್ಲ, ಬರೀ ಮರಳನ್ನು!

ಹಾಗೆಂದು ಎಲ್ಲ ಕಾಮಗಾರಿಗೂ ನಾವು ಸರ್ಟಿಫಿಕೇಟ್ ಕೊಡುತ್ತಿಲ್ಲ. ಬಟ್ಟೆ ಸ್ವಲ್ಪ ಹಿಗ್ಗಿದ ಮೇಲೆಯೇ ಭಾರ ಹಿಡಿಯುವುದರಿಂದ ನೆಲ ಒಂದಿಷ್ಟು ಇಳಿದೇ ಇಳಿಯುತ್ತದೆ. ಚೀಲ ಹರಿದಿದ್ದರೆ ಅಥವಾ ಕಂಬ ಗಟ್ಟಿ ಪದರದವರೆಗೆ ಮುಟ್ಟದಿದ್ದರೆ ಪ್ರಶ್ನಿಸಲೇಬೇಕು. ಮಣ್ಣು ಪರೀಕ್ಷೆಯ ವರದಿ ಮತ್ತು ಕಂಬದ ಮೇಲೆ ಭಾರವಿಟ್ಟು ನೋಡಿದ ಫಲಿತಾಂಶ, ಈ ಎರಡನ್ನು ಕೇಳಿ. ವಿಡಿಯೋದಲ್ಲಿ ಇವು ಕಾಣುವುದಿಲ್ಲ.

ಎರೆಭೂಮಿಯಲ್ಲಿ ಮನೆ ಕಟ್ಟುವವರು ಗಮನಿಸಿ: ಅಲ್ಲಿನ ಮುಖ್ಯ ಸಮಸ್ಯೆ ಕೆಸರಲ್ಲ, ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಮಣ್ಣು. ಅದಕ್ಕೆ ಮದ್ದು ಬೇರೆ.