ಕುದುರೆ ಕೊಟ್ಟು ಕಾಲ ಕೊಳ್ಳುವ ಲೆಕ್ಕ

ಚದುರಂಗದ ಮಣೆಯ ಮೇಲೆ ಓಡಾಡುವ ಆರು ಬಗೆಯ ಕಾಯಿಗಳಲ್ಲಿ, ದಾರಿಗೆ ಅಡ್ಡ ನಿಂತವರನ್ನು ಹಾರಿ ದಾಟಬಲ್ಲದ್ದು ಕುದುರೆ ಒಂದೇ. ನೇರವಾಗಿ ಎರಡು ಮನೆ, ಅಲ್ಲಿಂದ ಪಕ್ಕಕ್ಕೆ ಒಂದು ಮನೆ ಎಂಬ ಅದರ ನಡೆ ಹೊಸಬರಿಗೆ ವಿಚಿತ್ರವಾಗಿ ತೋರಿದರೂ ಅದರ ಪರಿಣಾಮ ಮಾತ್ರ ಬಹಳ ಸ್ಪಷ್ಟವಾದದ್ದು: ನಟ್ಟನಡುವೆ ನಿಂತ ಕುದುರೆ ಒಟ್ಟಿಗೆ ಎಂಟು ಮನೆಗಳ ಮೇಲೆ ಕಣ್ಣಿಟ್ಟಿರುತ್ತದೆ, ಮೂಲೆಗೆ ಸೇರಿದ ಕುದುರೆಗೆ ಉಳಿಯುವುದು ಎರಡೇ ಮನೆ. ಆಟ ಆರಂಭವಾದಾಗ ನೇರ ಸಾಲಿನಲ್ಲಿ ಓಡುವ ಆನೆ, ಓರೆಯಾಗಿ ಓಡುವ ಒಂಟೆ, ಎರಡೂ ಬಗೆಯಲ್ಲಿ ಓಡುವ ಮಂತ್ರಿ ಇವೆಲ್ಲ ತಮ್ಮದೇ ಕಾಲಾಳುಗಳ ಹಿಂದೆ ಬಂದಿಯಾಗಿರುತ್ತವೆ. ಕುದುರೆಯಾದರೋ ಮೊದಲ ನಡೆಯಲ್ಲೇ ಹೊರಗೆ ಹಾರಬಹುದು, ಮೂರು ನಾಲ್ಕು ನಡೆಗಳಲ್ಲಿ ಎದುರಾಳಿಯ ರಾಜನ ಅಂಗಳಕ್ಕೆ ಬಂದು ನಿಲ್ಲಬಹುದು. ಆಟದ ಆರಂಭದಲ್ಲಿ ಬಲಿಯಾಗುವ ಕಾಯಿಗಳಲ್ಲಿ ಕುದುರೆಯದೇ ಮುಂದಿನ ಸ್ಥಾನವಾಗಿರುವುದಕ್ಕೆ ಕಾರಣ ಈ ಚುರುಕು.

ಕುದುರೆಯ ನಡೆಯ ಮೋಹ ಆಟಕ್ಕಷ್ಟೇ ಸೀಮಿತವಾಗಿದ್ದುದಲ್ಲ. 9ನೇ ಶತಮಾನದ ಕಾಶ್ಮೀರದ ಆಲಂಕಾರಿಕ ರುದ್ರಟ ತನ್ನ 'ಕಾವ್ಯಾಲಂಕಾರ'ದಲ್ಲಿ ಕುದುರೆಯ ಹೆಜ್ಜೆಯಲ್ಲಿ ಅಕ್ಷರಗಳನ್ನು ಓದಿಕೊಂಡು ಹೋಗುವ ತುರಗಪದ ಬಂಧವನ್ನು ಕೊಟ್ಟಿದ್ದಾನೆ; ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) 64 ಮನೆಗಳನ್ನೂ ಒಂದೊಂದೇ ಬಾರಿ ಮುಟ್ಟಿ ಮುಗಿಸುವ ಕುದುರೆಯ ಸಂಚಾರಗಳನ್ನು ಸ್ವತಃ ರಚಿಸಿ, ಅವುಗಳನ್ನು ಅಂಕೆಗಳ ಮಾಯಾಚೌಕಗಳೊಡನೆ ಬೆಸೆದರು. ಅರಸರ ಆ ಸಂಚಾರದಲ್ಲಿ ಕುದುರೆಗೆ ಎದುರಾಳಿಯೇ ಇಲ್ಲ, ಪ್ರತಿ ಮನೆಯೂ ಅದಕ್ಕೆ ಸಮಾನ. ಆಡುವ ಮಣೆಯ ಮೇಲೆ ಹಾಗಲ್ಲ. ಅಲ್ಲಿ ಕೆಲವು ಮನೆಗಳಿಗೆ ಪ್ರಾಣದಷ್ಟು ಬೆಲೆ ಇರುತ್ತದೆ.

ಬಲಿ ಎಂದರೆ, ಹೆಚ್ಚು ಬೆಲೆಯ ಕಾಯಿಯನ್ನು ಗೊತ್ತಿದ್ದೂ ಎದುರಾಳಿಯ ಕೈಗೆ ಒಪ್ಪಿಸುವುದು. ಕಾಲಾಳಿಗೆ 1, ಕುದುರೆಗೂ ಒಂಟೆಗೂ 3, ಆನೆಗೆ 5, ಮಂತ್ರಿಗೆ 9 ಎಂಬ ಬೆಲೆಪಟ್ಟಿಯನ್ನು ಆಟ ಕಲಿಯುವವರೆಲ್ಲ ಮೊದಲಿಗೆ ಬಾಯಿಪಾಠ ಮಾಡುತ್ತಾರೆ. ಈ ಪಟ್ಟಿ ಕಾಯಿಗಳ ಸರಾಸರಿ ಶಕ್ತಿಯನ್ನು ಹೇಳುತ್ತದೆಯೇ ಹೊರತು ಒಂದು ಗಳಿಗೆಯಲ್ಲಿ ಒಂದು ಮನೆಯ ಮೇಲೆ ಅವುಗಳಿಗಿರುವ ಶಕ್ತಿಯನ್ನು ಹೇಳುವುದಿಲ್ಲ. ಮೂರು ಅಂಕದ ಕುದುರೆಯನ್ನು ಹೊಡೆಯಲೆಂದು ಎದುರಾಳಿಯ ರಾಜ ತನ್ನ ಗೂಡು ಬಿಟ್ಟು ಹೊರಗೆ ಬಂದರೆ, ಅವನನ್ನು ಮತ್ತೆ ಭದ್ರಪಡಿಸಲು ಆ ಪಕ್ಷ ಮೂರೋ ನಾಲ್ಕೋ ನಡೆಗಳನ್ನು ವೆಚ್ಚ ಮಾಡಬೇಕಾಗುತ್ತದೆ, ಮತ್ತು ಆ ಹೊತ್ತಿನಲ್ಲಿ ದಾಳಿಕಾರನ ಉಳಿದ ಕಾಯಿಗಳೆಲ್ಲ ಕಣಕ್ಕಿಳಿಯುತ್ತವೆ. ಕುದುರೆಯನ್ನು ಕೊಟ್ಟವನು ಕೊಂಡುಕೊಂಡದ್ದು ಕಾಲವನ್ನು. ಆ ಕಾಲ ಸಾಕಾಗುತ್ತದೆಯೇ ಇಲ್ಲವೇ ಎಂಬುದೇ ಪ್ರತಿಯೊಂದು ಕುದುರೆ ಬಲಿಯಲ್ಲೂ ಬಿಡಿಸಬೇಕಾದ ಲೆಕ್ಕ.

ಈ ಲೆಕ್ಕದ ಅತ್ಯಂತ ಶುದ್ಧ ಉದಾಹರಣೆಗೆ 18ನೇ ಶತಮಾನದ ಫ್ರೆಂಚ್ ಆಟಗಾರ ಲೆಗಾಲ್‌ನ ಹೆಸರು ಅಂಟಿಕೊಂಡಿದೆ. ಪ್ಯಾರಿಸ್ಸಿನ ಕೆಫೆ ದ ಲಾ ರೆಜಾನ್ಸ್ ಎಂಬ ಕಾಫಿ ಅಂಗಡಿಯಲ್ಲಿ ಆಡುತ್ತಿದ್ದ ಆತ, ಆ ಕಾಲದ ಅತಿ ದೊಡ್ಡ ಆಟಗಾರ ಫಿಲಿಡಾರ್‌ನ ಗುರು. ನಡೆಗಳನ್ನು ಹಿಂಬಾಲಿಸಲು ಒಂದು ಸಂಗತಿ ನೆನಪಿನಲ್ಲಿರಬೇಕು: ಉದ್ದ ಸಾಲುಗಳಿಗೆ ಎ ಯಿಂದ ಎಚ್ ವರೆಗೆ ಅಕ್ಷರಗಳು, ಅಡ್ಡ ಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8ರವರೆಗೆ ಅಂಕೆಗಳು, ಎರಡೂ ಸೇರಿದರೆ ಒಂದು ಮನೆಯ ಹೆಸರು. ಕಪ್ಪಿನ ಒಂಟೆ ಜಿ4 ಮನೆಗೆ ಬಂದು ನಿಂತಿದೆ. ಅದರ ಓರೆ ದಾರಿಯಲ್ಲಿ ಎಫ್3ರ ಮೇಲೆ ಬಿಳಿಯ ಕುದುರೆ, ಕುದುರೆಯ ಹಿಂದೆ ಡಿ1ರಲ್ಲಿ ಬಿಳಿಯ ಮಂತ್ರಿ. ಮುಂದಿನ ಕಾಯಿ ಕದಲಿದರೆ ಹಿಂದಿನ ದೊಡ್ಡ ಕಾಯಿ ಬಯಲಿಗೆ ಬೀಳುವ ಈ ಸ್ಥಿತಿಗೆ ಪಿನ್ ಎಂದು ಹೆಸರು, ಅಂದರೆ ಕುದುರೆಯನ್ನು ಅಲ್ಲಿಗೇ ಮೊಳೆ ಹೊಡೆದಂತೆ. ಆದರೆ ಈ ಮೊಳೆ ಗಟ್ಟಿಯಲ್ಲ. ಹಿಂದೆ ರಾಜನಿದ್ದರೆ ಕುದುರೆ ಕದಲುವುದನ್ನು ನಿಯಮವೇ ತಡೆಯುತ್ತದೆ. ಹಿಂದೆ ಮಂತ್ರಿಯಿದ್ದರೆ ತಡೆಯುವುದು ಆಡುವವನ ಭಯ ಮಾತ್ರ.

ಐದನೆಯ ನಡೆಯಲ್ಲಿ ಬಿಳಿಯ ಕುದುರೆ ಆ ಭಯವನ್ನು ದಾಟಿ ಇ5 ಮನೆಯ ಕಾಲಾಳನ್ನು ಹೊಡೆಯುತ್ತದೆ. ಕಪ್ಪಿನ ಒಂಟೆ ಸಂತೋಷದಿಂದ ಮಂತ್ರಿಯನ್ನು ಹೊಡೆದರೆ, ಬಿಳಿಯ ಒಂಟೆ ಎಫ್7ರಲ್ಲಿದ್ದ ಕಾಲಾಳನ್ನು ಹೊಡೆದು ರಾಜನಿಗೆ ಚೆಕ್ ಕೊಡುತ್ತದೆ. ಆ ಒಂಟೆಗೆ ಇ5ರ ಕುದುರೆಯ ಕಾವಲಿರುವುದರಿಂದ ರಾಜ ಅದನ್ನು ಮುಟ್ಟುವಂತಿಲ್ಲ, ಇ7 ಎಂಬ ಒಂದೇ ಮನೆಗೆ ಸರಿಯಬೇಕು. ಆಗ ಎರಡನೆಯ ಕುದುರೆ ಡಿ5ಕ್ಕೆ ಹಾರಿ ಆಟ ಮುಗಿಸುತ್ತದೆ. ಒಂಬತ್ತು ಅಂಕದ ಮಂತ್ರಿಯನ್ನು ನುಂಗಿದ ಕಪ್ಪಿನ ರಾಜ, ಎರಡು ಕುದುರೆ ಮತ್ತು ಒಂದು ಒಂಟೆಯ ನಡುವೆ, ತನ್ನದೇ ಕಾಯಿಗಳಿಂದ ದಾರಿ ಮುಚ್ಚಿಸಿಕೊಂಡು ನಿಂತಿರುತ್ತಾನೆ. ಕಪ್ಪು, ಮಂತ್ರಿಯ ಆಸೆ ಬಿಟ್ಟು, ತನ್ನ ಕಾಲಾಳಿನಿಂದ ಕುದುರೆಯನ್ನೇ ಹೊಡೆದಿದ್ದರೂ ಬಿಳಿಯ ಮಂತ್ರಿ ಜಿ4ರ ಒಂಟೆಯನ್ನು ಹೊಡೆದು, ಕೊನೆಗೆ ಒಂದು ಕಾಲಾಳಿನ ಲಾಭದಲ್ಲಿ ಉಳಿಯುತ್ತಿತ್ತು.

ಆದರೆ ಕಪ್ಪಿನ ಕುದುರೆಯೊಂದು ಅದಾಗಲೇ ಸಿ6 ಮನೆಯಲ್ಲಿದ್ದರೆ ಇಡೀ ಕಟ್ಟಡ ಕುಸಿಯುತ್ತದೆ. ಆ ಕುದುರೆ ಇ5ಕ್ಕೆ ಹಾರಿ ಬಿಳಿಯ ಕುದುರೆಯನ್ನು ಹೊಡೆಯುತ್ತದೆ, ಅದೇ ಮನೆಯಿಂದ ಜಿ4ರ ಒಂಟೆಗೂ ಕಾವಲು ನಿಲ್ಲುತ್ತದೆ, ಮತ್ತು ಬಿಳಿಯದು ಕುದುರೆ ಕೊಟ್ಟು ಕಾಲಾಳು ಪಡೆದ ನಷ್ಟದ ವ್ಯಾಪಾರವಾಗುತ್ತದೆ. ಲೆಗಾಲ್‌ನ ಹೆಸರಿನಲ್ಲಿ ದಾಖಲಾಗಿರುವ ಆಟದ ಒಂದು ಪಾಠದಲ್ಲಿ ಈ ದೋಷವೇ ಇದೆ; ಎದುರಾಳಿ ಮಂತ್ರಿಯ ಆಸೆಗೆ ಬಿದ್ದದ್ದರಿಂದ ಮಾತ್ರ ಅದು ಗೆದ್ದಿತು. ಮಾದರಿಯನ್ನು ಕಂಠಪಾಠ ಮಾಡಿ ಸಿ6 ಮನೆಯನ್ನು ನೋಡದೆ ಕುದುರೆ ಬಿಟ್ಟವರು ಅಂದಿನಿಂದ ಇಂದಿನವರೆಗೂ ಸೋಲುತ್ತಲೇ ಬಂದಿದ್ದಾರೆ.

ಇದೇ ತಂತ್ರವನ್ನು ಕಪ್ಪಿನ ಕಡೆಯಿಂದ ತೋರಿಸುವುದು ಎಲಿಫೆಂಟ್ ಟ್ರ್ಯಾಪ್ ಎಂಬ ಬಲೆ (ಹೆಸರಿನಲ್ಲಿ ಆನೆಯಿದ್ದರೂ ಆನೆ ಎಂಬ ಕಾಯಿಗೆ ಇದರಲ್ಲಿ ಪಾತ್ರವಿಲ್ಲ). ಮಂತ್ರಿಯ ಮುಂದೆ ಮೊಳೆ ಹೊಡೆಸಿಕೊಂಡಂತೆ ಕಾಣುವ ಕಪ್ಪಿನ ಕುದುರೆಯನ್ನು ನಂಬಿ ಬಿಳಿಯ ಕುದುರೆ ಡಿ5ರ ಕಾಲಾಳನ್ನು ಹೊಡೆಯುತ್ತದೆ. ಕಪ್ಪಿನ ಕುದುರೆ ಮೊಳೆ ಕಿತ್ತುಕೊಂಡು ಬಂದು ಅದನ್ನು ಹೊಡೆಯುತ್ತದೆ. ಬಿಳಿಯು ಕಪ್ಪಿನ ಮಂತ್ರಿಯನ್ನು ತೆಗೆದುಕೊಂಡರೂ ಮರುಕ್ಷಣವೇ ಕಪ್ಪಿನ ಒಂಟೆಯ ಚೆಕ್ಕಿಗೆ ತನ್ನ ಮಂತ್ರಿಯನ್ನು ಅಡ್ಡ ಹಾಕದೆ ಬೇರೆ ದಾರಿ ಇರುವುದಿಲ್ಲ. ಧೂಳು ಅಡಗಿದಾಗ ಕಪ್ಪಿಗೆ ಒಂದು ಕುದುರೆ ಹೆಚ್ಚಿಗೆ ಇರುತ್ತದೆ.

ರಾಜನ ಅಂಗಳದಲ್ಲಿ ಕುದುರೆಗೆ ಎಲ್ಲಕ್ಕಿಂತ ಪ್ರಿಯವಾದ ಮನೆ ಎಫ್7. ಆಟದ ಆರಂಭದಲ್ಲಿ ಆ ಮನೆಯ ಕಾಲಾಳನ್ನು ರಾಜನ ಹೊರತು ಬೇರಾವ ಕಾಯಿಯೂ ಕಾಯುವುದಿಲ್ಲ. ಕುದುರೆ ಅಲ್ಲಿಗೆ ಹಾರಿದರೆ ಡಿ8ರ ಮಂತ್ರಿಯನ್ನೂ ಎಚ್8ರ ಆನೆಯನ್ನೂ ಏಕಕಾಲಕ್ಕೆ ಬೆದರಿಸುತ್ತದೆ. ಒಂದೇ ಕಾಯಿ ಎರಡು ಕಡೆ ಕೈಚಾಚುವ ಈ ಇಬ್ಬಗೆಯ ದಾಳಿಯನ್ನು ಆಟಗಾರರು ಫೋರ್ಕ್ ಎನ್ನುತ್ತಾರೆ. ಆದ್ದರಿಂದ ರಾಜ ತಾನೇ ಬಂದು ಕುದುರೆಯನ್ನು ಹೊಡೆಯಬೇಕಾಗುತ್ತದೆ. 16ನೇ ಶತಮಾನದ ಕೊನೆಯ ಇಟಲಿಯಲ್ಲಿ ಪೊಲೆರಿಯೊ ಎಂಬ ಆಟಗಾರನ ಕಾಲಕ್ಕೇ ತಿಳಿದಿದ್ದ ಫ್ರೈಡ್ ಲಿವರ್ ಎಂಬ ದಾಳಿಯ ಬೀಜ ಇದೇ. ರಾಜ ಕುದುರೆಯನ್ನು ಹೊಡೆದೊಡನೆ ಬಿಳಿಯ ಮಂತ್ರಿ ಎಫ್3ಕ್ಕೆ ಬಂದು ಚೆಕ್ ಕೊಡುತ್ತದೆ, ಜೊತೆಗೆ ಡಿ5ರಲ್ಲಿರುವ ಕಪ್ಪಿನ ಕುದುರೆಯ ಮೇಲೂ ಕಣ್ಣಿಡುತ್ತದೆ. ಹಿಂದೆ ಸರಿದರೆ ಆ ಕುದುರೆ ಕೈತಪ್ಪುತ್ತದೆ, ಉಳಿಸಿಕೊಳ್ಳಬೇಕಾದರೆ ರಾಜ ಇ6ಕ್ಕೆ, ಅಂದರೆ ಯುದ್ಧಭೂಮಿಯ ನಡುವಿಗೇ, ನಡೆದು ಬರಬೇಕು.

ಎಫ್7ರ ಬಲಿಗೆ ಭಾರತದ ನೆಲದಲ್ಲೂ ಒಂದು ಅಧ್ಯಾಯವಿದೆ, ಮತ್ತು ಅದು ಇಲ್ಲಿನ ಓದುಗರಿಗೆ ತಿಳಿದಿರಬೇಕಾದಷ್ಟು ತಿಳಿದಿಲ್ಲ. ಸ್ಕಾಟ್‌ಲೆಂಡ್ ಮೂಲದ ಜಾನ್ ಕಾಕ್ರೇನ್ ಕಲ್ಕತ್ತೆಯಲ್ಲಿ ಬ್ಯಾರಿಸ್ಟರ್ ಆಗಿದ್ದವನು. ಅವನು ಅಲ್ಲಿ ಮತ್ತೆ ಮತ್ತೆ ಎದುರಿಸಿದ ಆಟಗಾರ ಬಂಗಾಳದ ಒಳನಾಡಿನಿಂದ ಬಂದ ಮಹೇಶ್‌ಚಂದ್ರ ಬ್ಯಾನರ್ಜಿ. 1848ರ ಅವರ ಆಟವೊಂದರಲ್ಲಿ ಕಾಕ್ರೇನ್ ನಾಲ್ಕನೆಯ ನಡೆಗೇ ಕುದುರೆಯನ್ನು ಎಫ್7ರ ಮೇಲೆ ಬಿಟ್ಟನು. ಅದಕ್ಕೂ ಮುಂಚೆ ಅದೇ ಕುದುರೆ ಇ5ರ ಕಾಲಾಳನ್ನು ಹೊಡೆದಿದ್ದುದರಿಂದ ಬಿಳಿಗೆ ಮೂರು ಅಂಕಕ್ಕೆ ಪ್ರತಿಯಾಗಿ ಎರಡು ಕಾಲಾಳು ಸಿಕ್ಕವು. ಮಿಕ್ಕ ಬೆಲೆಯನ್ನು ಕಪ್ಪಿನ ರಾಜನೇ ತೆರಬೇಕಾಯಿತು. ರಾಜ ಮತ್ತು ಆನೆ ಒಂದೇ ನಡೆಯಲ್ಲಿ ಸ್ಥಾನ ಬದಲಿಸಿ ರಾಜ ಮೂಲೆಯ ಕಡೆಗೆ ಭದ್ರವಾಗುವ ಕ್ಯಾಸ್ಲಿಂಗ್ ಎಂಬ ನಡೆಗೆ, ರಾಜ ಒಮ್ಮೆ ಕದಲಿದ ಮೇಲೆ ಅವಕಾಶವಿಲ್ಲ. ಲೆಗಾಲ್‌ನ ಬಲಿ ಮೂರು ನಡೆಗಳಲ್ಲಿ ಇತ್ಯರ್ಥವಾಗುವಂಥದು. ಕಾಕ್ರೇನನ ಬಲಿಯಲ್ಲಿ ಹಾಗೆ ಏನೂ ಇತ್ಯರ್ಥವಾಗುವುದಿಲ್ಲ, ನಡುಮಣೆಯಲ್ಲಿ ಬಿಳಿಯ ಕಾಲಾಳುಗಳ ಸಾಲು ಮತ್ತು ಅದರೆದುರು ನೆಲೆ ತಪ್ಪಿದ ರಾಜ ಉಳಿಯುತ್ತಾರೆ, ಆಟ ಅಲ್ಲಿಂದ ದೀರ್ಘವಾಗಿ ಮುಂದುವರಿಯುತ್ತದೆ.

ಬ್ಯಾನರ್ಜಿಯವರನ್ನು ಕೇವಲ ಬಲಿ ಸ್ವೀಕರಿಸಿದವರೆಂದು ನೆನೆಯುವುದು ಅನ್ಯಾಯ. ಆ ಕಾಲದ ಯುರೋಪಿನವರು ನಡುಮಣೆಯನ್ನು ಕಾಲಾಳುಗಳಿಂದ ತುಂಬಿಸುವುದೇ ಸರಿಯೆಂದು ನಂಬಿದ್ದಾಗ, ಇವರು ಕುದುರೆಯನ್ನು ಎಫ್6ಕ್ಕೆ ತಂದು, ಒಂಟೆಯನ್ನು ಜಿ7ರಲ್ಲಿ ಅಡಗಿಸಿ, ನಡುಮಣೆಯನ್ನು ದೂರದಿಂದ ನಿಯಂತ್ರಿಸುತ್ತಿದ್ದರು. ಈ ಬಗೆಯ ಆರಂಭಗಳಿಗೆ ಜಗತ್ತು ಕೊಟ್ಟ ಹೆಸರು ಇಂಡಿಯನ್ ಡಿಫೆನ್ಸ್. ಸುಮಾರು ನೂರು ವರ್ಷಗಳ ನಂತರ ಚದುರಂಗದ ಚರಿತ್ರೆಯ ಅತಿ ಚರ್ಚಿತ ಕುದುರೆ ಬಲಿಯೊಂದು ಹುಟ್ಟಿದ್ದು ಈ ಆರಂಭದ ಒಂದು ಕವಲಾದ ಕಿಂಗ್ಸ್ ಇಂಡಿಯನ್‌ನಲ್ಲಿ.

1960ರಲ್ಲಿ ಮಾಸ್ಕೋದಲ್ಲಿ ವಿಶ್ವ ಚಾಂಪಿಯನ್ ಮಿಖಾಯಿಲ್ ಬೊಟ್ವಿನ್ನಿಕ್ ಅವರಿಗೆ ಸವಾಲು ಹಾಕಿದವರು ರೀಗಾದ 23 ವರ್ಷದ ಮಿಖಾಯಿಲ್ ತಾಲ್. ಆರನೆಯ ಆಟದ 21ನೇ ನಡೆಯಲ್ಲಿ ತಾಲ್ ತಮ್ಮ ಕಪ್ಪು ಕುದುರೆಯನ್ನು ಎಫ್4ರಲ್ಲಿ, ಬಿಳಿಯ ಕಾಲಾಳಿನ ಬಾಯಿಗೇ ಇಟ್ಟರು. ಬಿಳಿಯ ಕಾಲಾಳು ಕುದುರೆಯನ್ನು ಹೊಡೆಯಿತು. ಇ5ರಲ್ಲಿದ್ದ ಕಪ್ಪಿನ ಕಾಲಾಳು ಅದನ್ನು ಹೊಡೆದು ಪಕ್ಕಕ್ಕೆ ಸರಿಯಿತು. ಅಷ್ಟರಿಂದಲೇ, ತನ್ನದೇ ಕಾಲಾಳಿನ ಹಿಂದೆ ಮಂಕಾಗಿದ್ದ ಜಿ7ರ ಒಂಟೆಗೆ ಮಣೆಯ ಈ ತುದಿಯಿಂದ ಆ ತುದಿಯವರೆಗೆ ದಾರಿ ತೆರೆದುಕೊಂಡಿತು. ಇಲ್ಲಿ ಕುದುರೆ ಯಾವ ರಾಜನನ್ನೂ ಹೊರಗೆಳೆಯಲಿಲ್ಲ, ಫೋರ್ಕ್ ಹಾಕಲಿಲ್ಲ, ಇನ್ನೊಂದು ಕಾಯಿಗೆ ಬಾಗಿಲು ತೆಗೆದು ತಾನು ಹೊರಟುಹೋಯಿತು. ಪ್ರೇಕ್ಷಕರ ಗದ್ದಲ ಎಷ್ಟು ಏರಿತೆಂದರೆ ಆಟವನ್ನು ವೇದಿಕೆಯಿಂದ ಒಳಕೋಣೆಗೆ ಸಾಗಿಸಬೇಕಾಯಿತು.

ಮುಂದಿನ ವಿಶ್ಲೇಷಣೆಯಲ್ಲಿ ಆ ಬಲಿಗೆ ಉತ್ತರವಿತ್ತೆಂದು ತಿಳಿಯಿತು: 25ನೇ ನಡೆಯಲ್ಲಿ ಬಿಳಿಯ ಆನೆ ಕಪ್ಪಿನ ಮಂತ್ರಿಯನ್ನು ಹೊಡೆಯುವ ಬದಲು, ಬಿಳಿಯ ಒಂಟೆ ಎಫ್3ಕ್ಕೆ ನುಗ್ಗಿ ಬಂದಿದ್ದ ಕಾಲಾಳನ್ನು ಹೊಡೆದಿದ್ದರೆ ಬೊಟ್ವಿನ್ನಿಕ್ ಅವರದೇ ಮೇಲುಗೈ. ಗಡಿಯಾರ ಓಡುತ್ತಿದ್ದಾಗ ಮಹಾ ವಿಶ್ಲೇಷಕರಾದ ಅವರಿಗೇ ಅದು ಕಾಣಲಿಲ್ಲ; ಆಟವನ್ನು ತಾಲ್ ಗೆದ್ದರು, ಪಂದ್ಯವನ್ನು 12½–8½ರಿಂದ ಗೆದ್ದು ವಿಶ್ವ ಚಾಂಪಿಯನ್ ಆದರು. ಆಸ್ಟ್ರಿಯಾದ ರುಡಾಲ್ಫ್ ಸ್ಪೀಲ್‌ಮನ್ 1935ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಬಲಿಗಳನ್ನು ಎರಡು ಬಗೆಯಾಗಿ ವಿಂಗಡಿಸಿದ್ದನು: ಕೊಟ್ಟದ್ದು ಯಾವಾಗ, ಹೇಗೆ ಮರಳುತ್ತದೆಂದು ಕೊನೆಯವರೆಗೂ ಎಣಿಸಬಹುದಾದದ್ದು ತೋರಿಕೆಯ ಬಲಿ, ಎಣಿಕೆ ನಿಂತ ಮೇಲೂ ಆಟಗಾರ ತನ್ನ ತೀರ್ಮಾನವನ್ನು ನಂಬಿ ಮುಂದಕ್ಕೆ ಹೋಗಬೇಕಾದದ್ದು ನಿಜವಾದ ಬಲಿ. ಲೆಗಾಲ್‌ನದು ಮೊದಲನೆಯದು, ತಾಲ್ ಅವರದು ಎರಡನೆಯದು. ಉತ್ತರ ಇತ್ತೆಂಬ ಕಾರಣಕ್ಕೆ ತಾಲ್ ಅವರ ನಡೆಯನ್ನು ತಪ್ಪೆಂದು ತಳ್ಳಿಹಾಕುವವರು, ಆ ಉತ್ತರವನ್ನು ಹುಡುಕುವ ಭಾರವನ್ನು ಎದುರಾಳಿಯ ಹೆಗಲಿಗೆ ಹೊರಿಸಿದ್ದೇ ಆ ನಡೆಯ ಅರ್ಧ ಶಕ್ತಿ ಎಂಬುದನ್ನು ಮರೆಯುತ್ತಾರೆ.

ಯಂತ್ರಗಳು ಬಂದ ಮೇಲೂ ಕುದುರೆಯ ಬಲಿ ಮರೆಯಾಗಲಿಲ್ಲ. 1997ರ ಮೇ 11ರಂದು ನ್ಯೂಯಾರ್ಕಿನಲ್ಲಿ ನಡೆದ ಪಂದ್ಯದ ಆರನೆಯ ಮತ್ತು ಕೊನೆಯ ಆಟದಲ್ಲಿ ಐಬಿಎಂ ಕಂಪನಿಯ ಡೀಪ್ ಬ್ಲೂ ಎಂಬ ಯಂತ್ರ ಎಂಟನೆಯ ನಡೆಗೆ ಇ6ರ ಕಾಲಾಳನ್ನು ಕುದುರೆಯಿಂದ ಹೊಡೆದು, ಅದನ್ನು ಗ್ಯಾರಿ ಕ್ಯಾಸ್ಪರೋವ್ ಅವರಿಗೆ ಬಿಟ್ಟುಕೊಟ್ಟಿತು. ಕುದುರೆಯನ್ನು ಹೊಡೆದ ಮೇಲೆ ಕಪ್ಪಿನ ರಾಜ ಡಿ8ಕ್ಕೆ ಸರಿಯಬೇಕಾಯಿತು, ಇ7ರಲ್ಲಿ ನಿಂತ ಸ್ವಂತ ಮಂತ್ರಿಯೇ ಒಂಟೆಯ ದಾರಿಯನ್ನು ಮುಚ್ಚಿತು, 19ನೇ ನಡೆಗೆ ವಿಶ್ವ ಚಾಂಪಿಯನ್ ಸೋಲೊಪ್ಪಿಕೊಂಡರು. ಆದರೆ ಆ ಬಲಿಯನ್ನು ಯಂತ್ರ ಮಣೆಯ ಮುಂದೆ ಎಣಿಸಿ ಕಂಡುಹಿಡಿದದ್ದಲ್ಲ; ಅದರ ಹಿಂದಿದ್ದ ಮನುಷ್ಯರು ಆರಂಭದ ನಡೆಗಳ ಸಂಗ್ರಹದಲ್ಲಿ ಅದನ್ನು ಮೊದಲೇ ಸೇರಿಸಿಟ್ಟಿದ್ದರು.

ಕಾಕ್ರೇನನ ಬಲಿಯಾದರೋ ಬಹುಕಾಲ ಕಾಫಿ ಅಂಗಡಿಯ ಸಾಹಸವೆಂಬ ಹಣೆಪಟ್ಟಿ ಹೊತ್ತು ಮೂಲೆ ಸೇರಿತ್ತು. ಕಲ್ಕತ್ತೆಯ ಆ ಆಟ ನಡೆದು 151 ವರ್ಷಗಳಾದ ಮೇಲೆ, 1999ರಲ್ಲಿ, ಸ್ಪೇನಿನ ಲಿನಾರೆಸ್ ಟೂರ್ನಿಯಲ್ಲಿ ಬಲ್ಗೇರಿಯಾದ ವೆಸೆಲಿನ್ ಟೊಪಲೋವ್ ನಾಲ್ಕನೆಯ ನಡೆಗೆ ತಮ್ಮ ಕುದುರೆಯನ್ನು ಎಫ್7ರ ಮೇಲೆ ಇಟ್ಟರು. ಎದುರಿಗೆ ಕುಳಿತಿದ್ದವರು, ಮರುವರ್ಷ ಕ್ಯಾಸ್ಪರೋವ್ ಅವರನ್ನು ಸೋಲಿಸಲಿದ್ದ ವ್ಲಾದಿಮಿರ್ ಕ್ರಾಮ್ನಿಕ್. ಬ್ಯಾನರ್ಜಿಯವರಂತೆಯೇ ಕ್ರಾಮ್ನಿಕ್ ಕೂಡ ರಾಜನಿಂದ ಕುದುರೆಯನ್ನು ಹೊಡೆದರು; ಆಟ ಡ್ರಾ ಆಯಿತು.