ಶರದೃತುವಿನ ಮನೆಪಾಠ

ನಮ್ಮ ಮಕ್ಕಳ ಕೈಗೆ ಬರುವ ಚಿತ್ರಪುಸ್ತಕಗಳಲ್ಲಿ ಶರತ್ಕಾಲವೆಂದರೆ ಗಿಡಗಳ ಎಲೆಗಳೆಲ್ಲ ಕೆಂಪು ಹಳದಿಯಾಗಿ ಉದುರುವ ಕಾಲ. ಅದು ಶೀತದೇಶಗಳ ಶರತ್ಕಾಲವು. ಅಲ್ಲಿಯ ಮಟ್ಟಿಗೆ ಅದು ಸತ್ಯವೇ ಸರಿ. ಆದರೆ ಅಥಣಿ ತಾಲೂಕಿನ ತೆಲಸಂಗದ ಮಗುವು ಆ ಪುಸ್ತಕವನ್ನು ಮುಚ್ಚಿ ಹೊರಗೆ ಬಂದರೆ ಕಾಣುವದೇನು? ಬೇವು ಹಸುರಾಗಿ ನಿಂತಿರುವದು; ಎರೆಯ ಹೊಲಗಳು ಹಸಿಯುಂಡು ಕಪ್ಪಾಗಿ ಹೊಳೆಯುತ್ತಿರುವವು; ಹಿಂಗಾರಿಯ ಬಿತ್ತನೆಗೆಂದು ಊರಿಗೆ ಊರೇ ಎದ್ದಿರುವದು. ನಮ್ಮಲ್ಲಿ ಎಲೆ ಉದುರುವದು ಮಾಘ-ಫಾಲ್ಗುಣಗಳಲ್ಲಿ. ನಮ್ಮ ಶರದೃತುವು ಬೀಜವನ್ನು ಮಣ್ಣಿಗೆ ಒಪ್ಪಿಸುವ ಕಾಲ. ಪುಸ್ತಕದ ಋತು ಒಂದು, ಕಣ್ಣೆದುರಿನ ಋತು ಇನ್ನೊಂದು ಆದಾಗ, ವಿದ್ಯೆಯೆಂಬುದು ಎಲ್ಲಿಯೋ ದೂರ ದೇಶದ್ದು, ತನ್ನ ಊರಿನದಲ್ಲವೆಂದು ಮಗುವು ನಂಬತೊಡಗುತ್ತದೆ. ಇದು ಸಣ್ಣ ಕೇಡಲ್ಲ.

ಆದುದರಿಂದ ಈ ಋತುವಿನಲ್ಲಿ ಮನೆಯಲ್ಲಿಯೇ ಮಕ್ಕಳಿಗೆ ಯಾವ ಯಾವ ವಿಷಯಗಳನ್ನು ಯಾವ ಕ್ರಮದಿಂದ ಕಲಿಸಬಹುದೆಂಬುದನ್ನು ನಾವು ಇಲ್ಲಿ ವಾಚಕರ ಮುಂದೆ, ವಿಶೇಷವಾಗಿ ತಾಯಂದಿರ ಮುಂದೆ, ಇಡಬಯಸುತ್ತೇವೆ. ಶಾಲೆಗೆ ಕಳಿಸದೆ ಮನೆಯಲ್ಲಿಯೇ ಪೂರ್ಣ ಶಿಕ್ಷಣ ಕೊಡುವ ಕುಟುಂಬಗಳು ಬೆಂಗಳೂರಿನಂಥ ನಗರಗಳಲ್ಲಿ ಕೆಲವು ಉಂಟು. ಅಂಥ ಮಕ್ಕಳು 14 ವರ್ಷ ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕೂಡ್ರಬಹುದು. ಆದರೆ ತೆಲಸಂಗದಂಥ ಊರುಗಳಲ್ಲಿ ಮನೆಪಾಠವು ಶಾಲೆಗೆ ಬದಲಿಯಲ್ಲ, ಅದಕ್ಕೆ ಆಸರೆ. 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟ ಕಾಯದೆಯು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆ ಹಕ್ಕನ್ನು ಮನೆಯವರೇ ಕಸಿದುಕೊಳ್ಳಬಾರದು.

ಹಾಗಾದರೆ ಮನೆಪಾಠದ ಅವಶ್ಯಕತೆಯೇನೆಂದು ಕೇಳಬಹುದು. ದಸರೆಯ ರಜೆ ಬರುವದೂ ಹಿಂಗಾರಿಯ ಬಿತ್ತನೆ ನಡೆಯುವದೂ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ. ಹಿರಿಯರೆಲ್ಲ ಹೊಲಕ್ಕೆ ಹೋದರೆ, ಹತ್ತು ವರ್ಷದ ಹುಡುಗಿಯು ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡು ಮನೆ ಕಾಯಬೇಕಾಗುತ್ತದೆ. ರಜೆ ಮುಗಿದರೂ ಕೆಲಸ ಮುಗಿದಿರುವದಿಲ್ಲ; ಇಂದು ನಾಳೆ ಎನ್ನುತ್ತ ವಾರಗಳು ಕಳೆಯುತ್ತವೆ. ಆಮೇಲೆ ಶಾಲೆಗೆ ಹೋದಾಗ ಪಾಠ ಮುಂದೆ ಸಾಗಿರುವದನ್ನು ಕಂಡು ಅವಳು ಹಿಂಜರಿಯುತ್ತಾಳೆ. ಶಾಲೆ ಬಿಡುವದು ಅನೇಕ ಮಕ್ಕಳಲ್ಲಿ ಹೀಗೆ ಸದ್ದಿಲ್ಲದೆ ಆರಂಭವಾಗುತ್ತದೆ. 2020ರಲ್ಲಿ ಇದು ನಾಡಿಗೆಲ್ಲ ಅನುಭವಕ್ಕೆ ಬಂದಿತು. ಮಹಾಮಾರಿಯ ನಿಮಿತ್ತ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿದವು. ಆಗಸ್ಟ್ ತಿಂಗಳಲ್ಲಿ ಸರಕಾರವು 'ವಿದ್ಯಾಗಮ' ಯೋಜನೆಯನ್ನು ತಂದಿತು. ಶಿಕ್ಷಕರು ಗುಡಿಯ ಕಟ್ಟೆಗಳ ಮೇಲೆ, ಗಿಡದ ನೆರಳಿನಲ್ಲಿ ಪಾಠ ಹೇಳಿದರು. ಅಕ್ಟೋಬರ್ ತಿಂಗಳಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ಆ ಶರದೃತುವಿನಲ್ಲಿ ಎಷ್ಟೋ ಮಕ್ಕಳಿಗೆ ಮನೆಯ ಹೊರತು ಬೇರೆ ಪಾಠಶಾಲೆ ಇರಲಿಲ್ಲ.

"ನಮಗೆ ಓದು ಬರಹ ಬಾರದು, ನಾವೇನು ಕಲಿಸೋಣ?" ಎಂದು ಕೆಲವು ತಾಯಂದಿರು ಅಳುಕಬಹುದು. ನಾವು ಸೂಚಿಸುವ ಪಾಠಗಳಿಗೆ ಬೇಕಾದುದು ಅಕ್ಷರಕ್ಕಿಂತ ಹೆಚ್ಚಾಗಿ ಅನುಭವವು. ಮಣ್ಣಿನ ಹದ, ಮಳೆಯ ಹೆಸರು, ಬೀಜದ ಗುಣ ಇವನ್ನು ಬಲ್ಲ ಅಜ್ಜಿಯು ಅರ್ಧ ಪಾಠವನ್ನು ಹೇಳಿದರೆ, ಅಕ್ಷರ ಬಲ್ಲ ಮೊಮ್ಮಗಳು ಅದನ್ನು ಬರೆದುಕೊಂಡು ಉಳಿದರ್ಧವನ್ನು ಪೂರೈಸುವಳು.

ಕ್ರಮವು ಸರಳವಾದದ್ದು. ಭಾದ್ರಪದ ಬಹುಳದಿಂದ ಕಾರ್ತೀಕದ ಗೌರಿ ಹುಣ್ಣಿಮೆಯ ವರೆಗೆ ಸುಮಾರು ಎಂಟು ವಾರಗಳು. ವಾರಕ್ಕೆ ಒಂದೇ ವಿಷಯವಿರಲಿ. ಆ ವಿಷಯದಲ್ಲಿ ದಿನಾಲು ಮೂರು ಕೆಲಸ: ಒಂದನ್ನು ನೋಡುವದು, ಒಂದನ್ನು ಅಳೆಯುವದು ಅಥವಾ ಎಣಿಸುವದು, ಒಂದನ್ನು ಹೇಳುವದು ಇಲ್ಲವೆ ಬರೆಯುವದು. ಬೆಳಿಗ್ಗೆ ಒಂದು ತಾಸು ಸಾಕು. ಸಣ್ಣವರು ಚಿತ್ರ ತೆಗೆಯಲಿ, ದೊಡ್ಡವರು ಲೆಕ್ಕ ಮಾಡಲಿ. ಒಂದು ನೂರು ಪುಟದ ವಹಿಯ ಹೊರತು ಬೇರೆ ಖರ್ಚು ಬೇಡ.

ಮೊದಲನೆಯ ವಾರದ ವಿಷಯವು ಮಳೆ. ಸಪ್ಟಂಬರದ ಮಧ್ಯದಲ್ಲಿ ಉತ್ತರಿಯ ಮಳೆ ಹುಟ್ಟುತ್ತದೆ. ಅನಂತರ ಹಸ್ತ, ಚಿತ್ತಿ, ಸ್ವಾತಿಗಳು ಒಂದರ ಹಿಂದೊಂದು ಬರುತ್ತವೆ. ಇವು ಸೂರ್ಯನು ಆಯಾ ನಕ್ಷತ್ರದಲ್ಲಿರುವ ದಿನಗಳ ಹೆಸರುಗಳೆಂಬುದನ್ನು ಮಗುವಿಗೆ ತಿಳಿಸಬೇಕು. ವರ್ಷದ 365 ದಿನಗಳನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಹದಿಮೂರೂವರೆ ದಿನಗಳು ಬರುವವು. ಭಾಗಾಕಾರದ ಪಾಠವು ಅಲ್ಲಿಯೇ ಆಯಿತು. ಬಾಯಿಯೂ ತಳವೂ ಒಂದೇ ಅಗಲವಿರುವ ಡಬ್ಬಿಯನ್ನು ಬಯಲಿನಲ್ಲಿಟ್ಟು, ಮಳೆಯಾದ ಮರುದಿನ ಬೆಳಿಗ್ಗೆ ನಿಂತ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ನೋಡಲಿ. ಎರಡೂವರೆ ಮಿಲಿಮೀಟರು ಅಥವಾ ಹೆಚ್ಚು ಬಿದ್ದ ದಿನವನ್ನೇ ಹವಾಮಾನ ಇಲಾಖೆಯವರು ಮಳೆಯ ದಿನವೆಂದು ಎಣಿಸುತ್ತಾರೆ. ಒಂದು ಮಿಲಿಮೀಟರು ಮಳೆಯೆಂದರೆ ಒಂದು ಎಕರೆಗೆ 4,047 ಲೀಟರು ನೀರು. ಹದಿನೈದು ಲೀಟರಿನ ಕೊಡದಿಂದ ಅಳೆದರೆ ಸುಮಾರು 270 ಕೊಡಗಳು! ಕೃಷ್ಣೆಯ ದಡದಿಂದ ದೂರವಾದ ಈ ಒಣಸೀಮೆಯಲ್ಲಿ, ನೀರಿಗೆ ನಡೆದು ಬಲ್ಲ ಮಗುವಿಗೆ ಆ ಸಂಖ್ಯೆಯ ಬೆಲೆಯು ತಾನೇ ತಿಳಿಯುವದು.

ಎರಡನೆಯ ವಾರ ಮಣ್ಣು. ಎರೆಮಣ್ಣಿನ ಹಸಿ ಉಂಡೆಯೊಂದನ್ನು ಮಾಡಿ, ದಾರದಿಂದ ಅದರ ಸುತ್ತಳತೆಯನ್ನು ತೆಗೆದುಕೊಂಡು, ಒಣಗಿದ ಮೇಲೆ ಮತ್ತೆ ಅಳೆಯಬೇಕು. ಉಂಡೆಯು ಕುಗ್ಗಿ ಬಿರುಕು ಬಿಟ್ಟಿರುವದು. ಬೇಸಿಗೆಯಲ್ಲಿ ಎರೆಹೊಲ ಬಾಯಿ ಬಿಡುವದೇಕೆಂಬುದೂ, ಮಳೆ ನಿಂತ ಮೇಲೆಯೂ ಜೋಳವು ಹೇಗೆ ಬೆಳೆಯುವದೆಂಬುದೂ ಇದರಿಂದಲೇ ತಿಳಿಯುತ್ತದೆ. ಆ ಮಣ್ಣಿನ ನುಣ್ಣನೆಯ ಕಣಗಳು ನೀರನ್ನು ಹಿಡಿದು ಉಬ್ಬಿ, ತಿಂಗಳುಗಟ್ಟಲೆ ಬೇರುಗಳಿಗೆ ಮೆಲ್ಲಗೆ ಉಣಿಸುತ್ತವೆ.

ಮೂರನೆಯ ವಾರವು ನವರಾತ್ರಿಯದು, ಬೀಜವೇ ಪಾಠ. ಘಟ ಹಾಕಿದ ಮನೆಗಳಲ್ಲಿ ದೇವರ ಮುಂದೆ ಮಣ್ಣಿನಲ್ಲಿ ಬಿತ್ತಿದ ಕಾಳುಗಳು ಮೊಳೆಯುವದನ್ನು ಮಕ್ಕಳು ವರ್ಷ ವರ್ಷ ಕಂಡಿರುತ್ತಾರೆ. ಆ ಮೊಳಕೆಗಳು ಹಳದಿಯಾಗಿರುವದೇಕೆಂದು ಯಾರೂ ಕೇಳಿರುವದಿಲ್ಲ. ಅದೇ ಕಾಳುಗಳನ್ನು ಅದೇ ದಿನ ಇನ್ನೊಂದು ತಟ್ಟೆಯಲ್ಲಿ ಹಾಕಿ ಬಿಸಿಲಿಗೆ ಇಡಬೇಕು. ಅಲ್ಲಿಯವು ಹಸುರಾಗಿ, ಗಿಡ್ಡಾಗಿ, ಗಟ್ಟಿಯಾಗಿ ಬರುವವು. ಕತ್ತಲೆಯವು ಬೆಳಕನ್ನು ಹುಡುಕುತ್ತ ಉದ್ದವಾಗಿ, ಬಿಳಚಿಕೊಂಡು ಬೆಳೆಯುವವು. ಎಲೆಯ ಹಸುರಿಗೆ ಬೆಳಕು ಬೇಕು, ಆ ಹಸುರಿನಿಂದಲೇ ಗಿಡವು ತನ್ನ ಅನ್ನವನ್ನು ಮಾಡಿಕೊಳ್ಳುತ್ತದೆ ಎಂಬ ಸಸ್ಯಶಾಸ್ತ್ರದ ಮೊದಲ ತತ್ತ್ವವು ಒಂಬತ್ತು ದಿನಗಳಲ್ಲಿ ಕಣ್ಣಿಗೆ ಕಾಣುತ್ತದೆ. ದಿನಾಲು ಮೊಳಕೆಯನ್ನು ಅಳೆದು ಬರೆಯುವ ಹುಡುಗಿಯು, ತಮ್ಮನನ್ನು ಆಡಿಸುತ್ತಲೇ ಈ ಪಾಠವನ್ನು ನಡೆಸಬಲ್ಲಳು.

ನಾಲ್ಕನೆಯ ವಾರ ಬನ್ನಿ. ವಿಜಯದಶಮಿಯ ದಿನ ಬನ್ನಿ ಕೊಟ್ಟು ಬಂಗಾರದಂತೆ ಇರೋಣವೆಂದು ಹಿರಿಯರ ಕಾಲಿಗೆ ಎರಗುವ ಮಕ್ಕಳು, ಆ ಎಲೆಯನ್ನು ಒಮ್ಮೆ ಅಂಗೈಯಲ್ಲಿಟ್ಟು ನೋಡಲಿ. ಬನ್ನಿಯದು ಸಣ್ಣ ಸಣ್ಣ ದಳಗಳ ಎಲೆ. ಗಡಿಯಾಚೆಯ ಮಹಾರಾಷ್ಟ್ರದವರು ಬಂಗಾರವೆಂದು ಹಂಚುವ ಆಪಟೆಯದು ಆಕಳ ಗೊರಸಿನಂತೆ ಎರಡಾಗಿ ಸೀಳಿದ ಎಲೆ. ರೂಪ ಬೇರೆಯಾದರೂ ಎರಡೂ ಗಿಡಗಳು ಕಾಯಿಯಲ್ಲಿ ಬೀಜ ಕಟ್ಟುವ ಕಡಲೆ ತೊಗರಿಗಳ ಕುಲಕ್ಕೇ ಸೇರಿದವು. ಎರಡು ಭಾಷೆಗಳು ಕೂಡಿ ಬಾಳುವ ಈ ಗಡಿನಾಡಿನ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ನೀತಿಪಾಠ ಇನ್ನಾವುದು? ಎಲೆಗಳನ್ನು ವಹಿಯಲ್ಲಿ ಅಂಟಿಸಿ, ಎರಡೂ ಭಾಷೆಯ ಹೆಸರುಗಳನ್ನು ಕೆಳಗೆ ಬರೆಯಬೇಕು. ಒಂದೆರಡು ಎಲೆಗಳು ಸಾಕು. ಟೊಂಗೆಗಳನ್ನು ಮುರಿಯುವದು ಬೇಡ.

ಐದನೆಯ ವಾರ ಶೀಗಿ ಹುಣ್ಣಿಮೆ. ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವ ಆ ದಿನ ಹೊಲವೇ ಶಾಲೆಯಾಗಲಿ. ಬಿಳಿಜೋಳದ ಸಾಲಿನಿಂದ ಸಾಲಿಗೆ 45 ಸೆಂಟಿಮೀಟರು, ಗಿಡದಿಂದ ಗಿಡಕ್ಕೆ 15 ಸೆಂಟಿಮೀಟರು ಅಂತರವಿದ್ದರೆ ಎಕರೆಗೆ ಎಷ್ಟು ಗಿಡಗಳು? ಸುಮಾರು 60,000 ಎಂದು ದೊಡ್ಡ ಮಕ್ಕಳು ಲೆಕ್ಕ ಹಾಕಬಲ್ಲರು. ತಮ್ಮ ಹೊಲದಲ್ಲಿ ಎಷ್ಟು ಎದ್ದಿವೆ, ಎಷ್ಟು ಹುಸಿಹೋಗಿವೆ ಎಂಬುದನ್ನು ಒಂದು ಸಾಲಿನಲ್ಲಿ ಎಣಿಸಿ ತಂದೆಗೆ ಹೇಳಲಿ. ತನ್ನ ಲೆಕ್ಕವು ಮನೆಗೆ ಉಪಯೋಗವಾಯಿತೆಂದು ಕಂಡ ಮಗುವು ಗಣಿತಕ್ಕೆ ಅಂಜುವದಿಲ್ಲ.

ಆರನೆಯ ವಾರ ನೆರಳು. ಒಂದು ಮೀಟರು ಉದ್ದದ ಕೋಲನ್ನು ಅಂಗಳದಲ್ಲಿ ನೆಟ್ಟಗೆ ಹುಗಿದು, ನಡುಹಗಲಿನ ನೆರಳನ್ನು ಅಳೆಯಬೇಕು. ಈ ಕೋಲನ್ನು ಮೊದಲ ವಾರದಲ್ಲಿಯೇ ಹುಗಿದಿಟ್ಟರೆ ಲೇಸು. ಹಗಲು ಇರುಳು ಸಮವಾಗುವ ಸಪ್ಟಂಬರ 23ರ ಸುಮಾರಿಗೆ ತೆಲಸಂಗದಲ್ಲಿ ಆ ನೆರಳು ಸುಮಾರು 30 ಸೆಂಟಿಮೀಟರು. ಅಕ್ಟೋಬರದ ಕೊನೆಗೆ ಸುಮಾರು 60. ನವಂಬರದ ಮಧ್ಯದಲ್ಲಿ ಸುಮಾರು 70. ಸೂರ್ಯನು ದಕ್ಷಿಣಕ್ಕೆ ಸರಿಯುತ್ತಿರುವದಕ್ಕೆ ಇದೇ ಸಾಕ್ಷಿ. ಅತಿ ಗಿಡ್ಡ ನೆರಳು ಬೀಳುವದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂಕಾಲರ ಆಚೆ ಈಚೆ ಎಂಬುದನ್ನು ಮಕ್ಕಳೇ ಕಂಡುಹಿಡಿಯಲಿ. ನಮ್ಮ ಗಡಿಯಾರಗಳೆಲ್ಲ ಪೂರ್ವದ ರೇಖಾಂಶವೊಂದರ ಮಧ್ಯಾಹ್ನವನ್ನು ಅನುಸರಿಸುತ್ತವೆ. ಪಡುವಣದ ನಮ್ಮಲ್ಲಿಗೆ ಸೂರ್ಯನು ತಡವಾಗಿ ನೆತ್ತಿಗೆ ಬರುತ್ತಾನೆ.

ಏಳನೆಯ ವಾರ ದೀಪಾವಳಿ. ಪಾಡ್ಯದ ದಿನ ಸೆಗಣಿಯ ಪಾಂಡವರನ್ನು ಮಾಡಿ ಪೂಜಿಸುವ ಮನೆಗಳಲ್ಲಿ ದನಕರುಗಳೇ ವಿಷಯ. ಆಕಳು ಎಷ್ಟು ಮೇವು ತಿಂದಿತು, ಎಷ್ಟು ಹಾಲು ಕೊಟ್ಟಿತು, ಎಷ್ಟು ಗೊಬ್ಬರವಾಯಿತು ಎಂಬ ವಾರದ ಜಮಾಖರ್ಚನ್ನು ಹುಡುಗರು ಬರೆಯಲಿ. ಇದೇ ಸುಮಾರಿಗೆ ಕಬ್ಬಿನ ಹಂಗಾಮೂ ಆರಂಭವಾಗುವದು. 1939ರಲ್ಲಿ ಸ್ಥಾಪಿತವಾದ ಉಗಾರದ ಕಾರಖಾನೆ ಮೊದಲಾದವುಗಳಿರುವ ಈ ಸೀಮೆಗೆ ಕಬ್ಬು ಕಡಿಯುವ ಕುಟುಂಬಗಳು ದೂರದಿಂದ ಬರುತ್ತವೆ. ಒಣಸೀಮೆಯ ಎಷ್ಟೋ ಕುಟುಂಬಗಳು ತಾವೂ ಗುಳೆ ಹೋಗುತ್ತವೆ. ಆ ಗುಡಿಸಲುಗಳ ಮಕ್ಕಳಿಗೆ ಶರದೃತುವೆಂದರೆ ಶಾಲೆ ತಪ್ಪುವ ಋತು. ನಿಮ್ಮ ಹೊಲದ ಬದುವಿನಲ್ಲಿ ಅಂಥ ಮಕ್ಕಳಿದ್ದರೆ ನಿಮ್ಮ ಮಕ್ಕಳ ಪಾಠಕ್ಕೆ ಅವರನ್ನೂ ಕರೆಯಿರಿ; ಹತ್ತಿರದ ಶಾಲೆಯ ಗುರುಗಳಿಗೂ ತಿಳಿಸಿರಿ. ಕೋಲಿನ ನೆರಳನ್ನು ಇಬ್ಬರು ಅಳೆದರೇನು, ನಾಲ್ವರು ಅಳೆದರೇನು?

ಎಂಟನೆಯ ವಾರ ಗೌರಿ ಹುಣ್ಣಿಮೆ. ಸಕ್ಕರೆ ಆರತಿಯನ್ನು ಹೊಯ್ಯುವಾಗ ಮಕ್ಕಳನ್ನು ಒಲೆಯಿಂದ ದೂರ ಕೂಡ್ರಿಸಿ ಪಾಕದ ಗುಟ್ಟನ್ನು ಹೇಳಬೇಕು. 100 ಗ್ರಾಂ ತಣ್ಣೀರಿನಲ್ಲಿ ಸುಮಾರು 200 ಗ್ರಾಂ ಸಕ್ಕರೆ ಕರಗಿದರೆ, ಕುದಿಯುವ ನೀರಿನಲ್ಲಿ ಅದರ ಎರಡು ಪಟ್ಟಿಗಿಂತಲೂ ಹೆಚ್ಚು ಕರಗುವದು. ಪಾಕವು ಆರಿದಂತೆ ಆ ಹೆಚ್ಚಿನ ಸಕ್ಕರೆಗೆ ನೀರಿನಲ್ಲಿ ಸ್ಥಳ ಸಾಲದೆ ಹರಳಾಗಿ, ಕಟ್ಟಿಗೆಯ ಅಚ್ಚಿನಲ್ಲಿ ಆನೆ ಕುದುರೆಗಳಾಗಿ ಹೊರಬರುವದು. ರಸಾಯನಶಾಸ್ತ್ರವು ನಮ್ಮ ಅಡಿಗೆಮನೆಗೆ ಹೊಸದಲ್ಲವೆಂದು ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಸಮನಾಗಿ ತಿಳಿಯಲಿ.

ಋತುವಿನೊಡನೆ ವಿದ್ಯೆಯನ್ನು ಹೊಂದಿಸುವದು ಹೊಸ ಮಾತಲ್ಲ. ರವೀಂದ್ರನಾಥ ಠಾಕೂರರು 1908ರಲ್ಲಿ ಶಾಂತಿನಿಕೇತನದ ಮಕ್ಕಳಿಗಾಗಿ 'ಶಾರದೋತ್ಸವ' ನಾಟಕವನ್ನು ಬರೆದರು. ಕೈಕೆಲಸದ ಮೂಲಕ ಶಿಕ್ಷಣವೆಂಬ ಗಾಂಧೀಜಿಯವರ ವಿಚಾರವನ್ನು ವರ್ಧೆಯ ಪರಿಷತ್ತು ಚರ್ಚಿಸಿದ್ದು 1937ರ ಅಕ್ಟೋಬರ್ ತಿಂಗಳಲ್ಲಿ, ಒಂದು ಶರದೃತುವಿನಲ್ಲಿಯೇ. ನಮ್ಮ ಶಿವರಾಮ ಕಾರಂತರು ಕನ್ನಡದ ಮಕ್ಕಳಿಗೆ ಲೋಕಜ್ಞಾನವು ಕನ್ನಡದಲ್ಲಿಯೇ ದೊರೆಯಲೆಂದು 'ಬಾಲಪ್ರಪಂಚ'ವನ್ನು ರಚಿಸಿದರು.

ಇನ್ನು ಎರಡು ಎಚ್ಚರಿಕೆಗಳು. ಇವನ್ನು ಪರೀಕ್ಷೆಯಾಗಿ ಮಾಡಬೇಡಿರಿ. ತಪ್ಪಿದ ಮಗುವನ್ನು ಗದರಿಸಿದರೆ ಅಲ್ಲಿಗೆ ಋತುವೂ ಮುಗಿಯಿತು, ಪಾಠವೂ ಮುಗಿಯಿತು. ಹಾಗೆಯೇ ಹೊಲದ ಪಾಠವೆಂದು ಹೇಳಿ ಮಗುವನ್ನು ದಿನವಿಡೀ ದುಡಿಸಬೇಡಿರಿ. ಒಂದು ತಾಸಿನ ಕಲಿಕೆಗೂ ಎಂಟು ತಾಸಿನ ಕೂಲಿಗೂ ಇರುವ ಅಂತರವನ್ನು ತಾಯಿತಂದೆಗಳೇ ಕಾಯಬೇಕು.

ಎಂಟು ವಾರಗಳ ತರುವಾಯ ಆ ವಹಿಯಲ್ಲಿ ಮಳೆಯ ಲೆಕ್ಕ, ಮೊಳಕೆಯ ಅಳತೆ, ಬನ್ನಿಯ ಎಲೆ, ನೆರಳಿನ ಗೆರೆ, ಆಕಳ ಜಮಾಖರ್ಚು ಎಲ್ಲವೂ ಇರುವವು. ರಜೆ ಮುಗಿದ ದಿನವೇ ಮಗುವು ಅದನ್ನು ಕಂಕುಳಲ್ಲಿಟ್ಟುಕೊಂಡು ಶಾಲೆಗೆ ನಡೆಯಲಿ. ಮಿಕ್ಕ ವಾರಗಳ ಪಾಠವು ಬೆಳಿಗ್ಗೆಯ ಆ ಒಂದು ತಾಸಿನಲ್ಲಿ ಮನೆಯಲ್ಲಿ ಸಾಗಲಿ. ಬಿತ್ತನೆಯ ಹದ ತಪ್ಪಿದರೆ ಒಂದು ಬೆಳೆ ಹೋಗುವದು. ಮುಂದಿನ ವರ್ಷ ಮತ್ತೆ ಬಿತ್ತಬಹುದು. ಶಾಲೆಯ ದಾರಿ ತಪ್ಪಿದ ಮಗುವಿಗೆ ಕಳೆದ ವರ್ಷವು ಮರಳಿ ಬಾರದು. ಆದುದರಿಂದ ಕೂರಿಗೆಯನ್ನು ಹೂಡುವ ಮನೆಗಳಲ್ಲೆಲ್ಲ ಈ ಸಲ ಒಂದು ವಹಿಯೂ ತೆರೆಯಲೆಂದು ನಾವು ಹಾರೈಸುತ್ತೇವೆ.